ದೋರಸಮುದ್ರದ ಅವಶೇಷಗಳ ನಡುವೆ ವಿಜಯ ಪಾರ್ಶ್ವನಾಥ ಬಸದಿ

ಕನ್ನಡ ನಾಡಿನ ಇತಿಹಾಸದಲ್ಲಿ ಮೆರೆದ ರಾಜಧಾನಿಗಳಿಗೆ ಕೊರತೆಯಿಲ್ಲ. ಅಳಿದ ರಾಜಧಾನಿಗಳಿಗಂತೂ ಕೊರತೆಯೇ ಇಲ್ಲ. ಗಂಗರ ತಲಕಾಡು ಮರಳಿನಡಿ ಸೇರಿತು. ರಾಷ್ಟ್ರಕೂಟರ ಮಾನ್ಯಖೇಟವು ಕ್ರಿ.ಶ. 972ರಲ್ಲಿ ಪರಮಾರ ಸೀಯಕನ ಸೂರೆಗೆ ತುತ್ತಾಯಿತು. ತುಂಗಭದ್ರೆಯ ದಡದ ವಿಜಯನಗರವು 1565ರ ಯುದ್ಧದ ಬಳಿಕ ಹಾಳು ಹಂಪೆಯೆನಿಸಿತು. ಈ ಸಾಲಿನಲ್ಲಿಯೇ ನಿಲ್ಲುವ ಇನ್ನೊಂದು ನಗರ ಹೊಯ್ಸಳರ ದೋರಸಮುದ್ರ. ಅರಸರು ಬಿಟ್ಟುಹೋದ ಮೇಲೆ ಜನರು ಅದನ್ನು ‘ಹಳೆಯ ಬೀಡು’ ಎಂದು ಕರೆದರು. ಬೀಡು ಎಂದರೆ ಅರಸನ ನೆಲೆ. ಆ ನೆಲೆ ಹಳೆಯದಾಯಿತೆಂಬ ಮಾತೇ ಕಾಲಕ್ರಮದಲ್ಲಿ ಊರಿನ ಹೆಸರಾಗಿ ನಿಂತು ಇಂದಿನ ಹಳೇಬೀಡು ಆಗಿದೆ. ಒಂದು ಮಹಾನಗರದ ಏಳುಬೀಳಿನ ಕಥೆಯನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹೇಳುವ ಸ್ಥಳನಾಮಗಳು ವಿರಳ.

ಈ ನಗರದ ಅವಶೇಷಗಳನ್ನು ನೋಡಲು ಹೋದ ಯಾತ್ರಿಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಮೂಡದೆ ಇರದು. ಅರಸರ ಅರಮನೆ ಎಲ್ಲಿ? ಭಂಡಾರ ಎಲ್ಲಿ? ಅವೆಲ್ಲ ಅಳಿದುಹೋದ ನೆಲದಲ್ಲಿ ಒಬ್ಬ ಮಗನು ತಂದೆಯ ನೆನಪಿಗಾಗಿ ಕಟ್ಟಿಸಿದ ಬಸದಿಯು ಒಂಬತ್ತು ಶತಮಾನಗಳಿಗೆ ಸಮೀಪವಾದರೂ ಹೇಗೆ ಉಳಿಯಿತು? ನೂತನ ಜಿನಬಿಂಬದ ಪ್ರತಿಷ್ಠೆ ನಡೆಯುವ ಶುಭಸಂದರ್ಭದಲ್ಲಿ ಈ ಪ್ರಶ್ನೆಯನ್ನು ವಿಚಾರಿಸುವುದು ಉಚಿತವಾಗಿದೆ.

ನಗರದ ಕುರುಹುಗಳು

ಹಾಸನದಿಂದ ಸುಮಾರು 30 ಕಿಲೋಮೀಟರು, ಬೇಲೂರಿನಿಂದ ಸುಮಾರು 16 ಕಿಲೋಮೀಟರು ದೂರದಲ್ಲಿರುವ ಹಳೇಬೀಡಿಗೆ ಬರುವವರನ್ನು ಮೊದಲು ಎದುರುಗೊಳ್ಳುವುದು ವಿಶಾಲವಾದ ಕೆರೆ. ದೋರಸಮುದ್ರವೆಂಬ ಹೆಸರಿನಲ್ಲಿಯ ‘ಸಮುದ್ರ’ವು ಈ ಜಲರಾಶಿಯೇ. ಮಲೆನಾಡಿನ ಸೊಸೆವೂರಿನಲ್ಲಿ, ಅಂದರೆ ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ, ತಲೆಯೆತ್ತಿದ ಹೊಯ್ಸಳ ವಂಶವು ಬೇಲೂರಿಗೂ ಅಲ್ಲಿಂದ ಈ ಬಯಲಿಗೂ ಇಳಿದು ಬಂದಿತು. ಸುದತ್ತ ಮುನಿಗಳ ಮಾತಿನಂತೆ ಸಳನು ಹುಲಿಯನ್ನು ಹೊಡೆದನೆಂಬ ಕಥೆಯು ಅಂಗಡಿಗೆ ಸೇರಿದುದು. ಕಥೆಯಲ್ಲಿ ಐತಿಹ್ಯದ ಅಂಶವೆಷ್ಟೇ ಇರಲಿ, ತಮ್ಮ ವಂಶದ ಉದಯವನ್ನು ಒಬ್ಬ ಜೈನ ಮುನಿಯ ಅನುಗ್ರಹದೊಡನೆ ಸೇರಿಸಿ ನೆನೆಯುವುದನ್ನು ಹೊಯ್ಸಳರು ಬಿಡಲಿಲ್ಲ.

ಊರಿನ ನಡುವೆ ಕೆರೆಯ ಬಳಿಯಲ್ಲಿ ಹೊಯ್ಸಳೇಶ್ವರ ದೇವಾಲಯವು ನಿಂತಿದೆ. ವಿಷ್ಣುವರ್ಧನನ ಅಧಿಕಾರಿಯಾದ ಕೇತಮಲ್ಲನು ಕ್ರಿ.ಶ. 1121ರ ಸುಮಾರಿಗೆ ಕಟ್ಟಿಸಿದ ಈ ಜೋಡಿ ದೇಗುಲದಲ್ಲಿ ಒಂದು ಲಿಂಗವು ಅರಸನ ಹೆಸರಿನಲ್ಲಿ ಹೊಯ್ಸಳೇಶ್ವರನೆಂದೂ ಇನ್ನೊಂದು ಪಟ್ಟದರಾಣಿಯ ಹೆಸರಿನಲ್ಲಿ ಶಾಂತಲೇಶ್ವರನೆಂದೂ ಪ್ರಸಿದ್ಧವಾಗಿವೆ. ಶಾಂತಲದೇವಿಯಾದರೋ ಜಿನಭಕ್ತೆ; ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು 1123ರಲ್ಲಿ ಕಟ್ಟಿಸಿದವಳು. ಅವಳ ತಂದೆ ಮಾರಸಿಂಗಯ್ಯನು ಶೈವ, ತಾಯಿ ಮಾಚಿಕಬ್ಬೆ ಜೈನಧರ್ಮೀಯಳು. ಒಂದೇ ಮನೆಯಲ್ಲಿ ಎರಡು ಆರಾಧನೆಗಳು ನಡೆದ ಹಾಗೆಯೇ ಆ ರಾಜಧಾನಿಯಲ್ಲಿಯೂ ದೇಗುಲಗಳೂ ಬಸದಿಗಳೂ ಒಂದರ ಸಮೀಪದಲ್ಲಿ ಒಂದು ಬೆಳೆದುವು.

ದೇವಾಲಯದ ಭಿತ್ತಿಗಳಲ್ಲಿಯ ಆನೆ, ಕುದುರೆ, ಪುರಾಣಕಥೆಗಳ ಸಾಲನ್ನು ನೋಡಿ ಕಣ್ಣು ತಣಿದ ಮೇಲೆ ಯಾತ್ರಿಕನು ಅರಮನೆಯನ್ನು ವಿಚಾರಿಸುತ್ತಾನೆ. ಊರವರು ಬೆಣ್ಣೆಗುಡ್ಡದ ಕಡೆಗೆ ಕೈತೋರುತ್ತಾರೆ. ಅಲ್ಲಿ ಹೋಗಿ ನೋಡಿದರೆ ಸಿಂಹಾಸನವೂ ಇಲ್ಲ, ಸಭಾಭವನವೂ ಇಲ್ಲ. ಮಣ್ಣಿನ ದಿಬ್ಬ, ತಳಪಾಯದ ಕಲ್ಲು, ಅಲ್ಲಲ್ಲಿ ಕೋಟೆಗೋಡೆಯ ತುಂಡು, ಸುತ್ತಲೂ ರೈತರ ಹೊಲ. ಚೋಳರನ್ನೂ ಪಾಂಡ್ಯರನ್ನೂ ಸೇವುಣರನ್ನೂ ಎದುರಿಸಿದ ಒಂದು ರಾಜ್ಯದ ಆಜ್ಞೆಗಳು ಹೊರಟ ಸ್ಥಳ ಇದು.

ಬಸ್ತಿಹಳ್ಳಿಯ ಮೂರು ಬಸದಿಗಳು

ಹೊಯ್ಸಳೇಶ್ವರ ದೇವಾಲಯದಿಂದ ದಕ್ಷಿಣಕ್ಕೆ ಅರ್ಧ ಕಿಲೋಮೀಟರಿನಷ್ಟು ನಡೆದರೆ ಬಸ್ತಿಹಳ್ಳಿ ಸಿಗುತ್ತದೆ. ಇಲ್ಲಿ ಒಂದೇ ಆವರಣದಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥ ತೀರ್ಥಂಕರರ ಮೂರು ಬಸದಿಗಳಿವೆ. ಇವುಗಳಲ್ಲಿ ಆದಿನಾಥ ಬಸದಿಯು ಚಿಕ್ಕದು, ಉಳಿದೆರಡು ವಿಶಾಲವಾದುವು. ಮಹಾದೇವಾಲಯದ ಶಿಲ್ಪಸಂಕುಲವನ್ನು ಕಂಡು ಬಂದ ಕಣ್ಣಿಗೆ ಇಲ್ಲಿಯ ಹೊರಗೋಡೆಗಳು ಮೊದಲು ಬರಿದಾಗಿ ತೋರುತ್ತವೆ. ಈ ಸರಳತೆಗೆ ತಕ್ಕ ಗಾಂಭೀರ್ಯವು ಒಳಗೆ ಕಾಲಿಟ್ಟಾಗ ಅನುಭವಕ್ಕೆ ಬರುತ್ತದೆ.

ಪಾರ್ಶ್ವನಾಥ ಬಸದಿಯ ನವರಂಗದಲ್ಲಿ ಬಳಪದ ಕಲ್ಲಿನ ಕಂಬಗಳು ಕಡೆದು ಒಪ್ಪವಿಟ್ಟಂತಿವೆ. ಎದುರು ನಿಂತವರ ಆಕೃತಿಯು ಕನ್ನಡಿಯಲ್ಲಿಯಂತೆ ಅವುಗಳ ಮೈಯಲ್ಲಿ ಮೂಡುತ್ತದೆ. ಬಾಗಿಲಿನಿಂದ ಬರುವ ಬೆಳಕಿಗೆ ತಕ್ಕಂತೆ ಆ ಬಿಂಬವು ಹಿಗ್ಗುತ್ತದೆ, ಕುಗ್ಗುತ್ತದೆ. ನಡುವಣ ಭುವನೇಶ್ವರಿಯಲ್ಲಿ ಧರಣೇಂದ್ರ ಯಕ್ಷನ ಸೂಕ್ಷ್ಮ ಶಿಲ್ಪವಿದೆ. ಗರ್ಭಗೃಹದ ಮಂದ ಬೆಳಕಿನಲ್ಲಿ ಪಾರ್ಶ್ವನಾಥ ಸ್ವಾಮಿಯು ಏಳು ಹೆಡೆಗಳ ಸರ್ಪಛತ್ರದ ಅಡಿಯಲ್ಲಿ ಕಾಯೋತ್ಸರ್ಗ ಭಂಗಿಯಲ್ಲಿ ನಿಂತಿದ್ದಾನೆ. ಕರಿಯ ಶಿಲೆಯ ಈ ಬಿಂಬವು ಎರಡಾಳುದ್ದಕ್ಕೂ ಮಿಗಿಲಾದುದು. ದರ್ಶನಾರ್ಥಿಯ ದೃಷ್ಟಿಯು ಪಾದದಿಂದ ಮೇಲೇರಿ ಮುಖಮಂಡಲವನ್ನು ಮುಟ್ಟುವ ಹೊತ್ತಿಗೆ ಹೊರಗಿನ ನಗರದ ನೆನಪು ತಾನಾಗಿಯೇ ಹಿಂದೆ ಸರಿದಿರುತ್ತದೆ.

ತಂದೆಯ ನೆನಪಿಗೆ ಮಗನ ಕಾಣಿಕೆ

ಈ ಬಸದಿಯ ಕಥೆಯನ್ನು ಇಲ್ಲಿಯದೇ ಆದ ಶಿಲಾಶಾಸನವು ವಿಸ್ತಾರವಾಗಿ ಹೇಳುತ್ತದೆ. ಕಟ್ಟಿಸಿದವನು ದಂಡನಾಯಕ ಬೊಪ್ಪ. ಯಾರ ನೆನಪಿಗೆ ಕಟ್ಟಿಸಿದನೋ ಆ ತಂದೆಯು ಮಹಾಪ್ರಧಾನ ದಂಡನಾಯಕ ಗಂಗರಾಜ. ಕ್ರಿ.ಶ. 1133ರಲ್ಲಿ ಗಂಗರಾಜನು ತೀರಿಕೊಂಡನು. ಅದೇ ವರ್ಷ ಬಸದಿಯ ಪ್ರತಿಷ್ಠೆಯು ನೆರವೇರಿತು. ಗಂಗರಾಜನಿಗೆ ‘ದ್ರೋಹಘರಟ್ಟ’ ಎಂಬ ಬಿರುದಿತ್ತು. ದ್ರೋಹಿಗಳನ್ನು ಬೀಸುವ ಕಲ್ಲು ಎಂಬ ಅರ್ಥದ ಈ ಬಿರುದಿನಿಂದಲೇ ಬಸದಿಗೆ ದ್ರೋಹಘರಟ್ಟ ಜಿನಾಲಯವೆಂಬ ಹೆಸರೂ ಬಂದಿತು.

ಗಂಗರಾಜನ ಬಾಳನ್ನು ಬಲ್ಲವರಿಗೆ ಮಗನ ಈ ಕಾಣಿಕೆಯ ತೂಕವು ತಿಳಿಯುತ್ತದೆ. ಚೋಳರ ವಶದಲ್ಲಿದ್ದ ತಲಕಾಡನ್ನು ಕ್ರಿ.ಶ. 1116ರ ಸುಮಾರಿಗೆ ಗೆದ್ದು ವಿಷ್ಣುವರ್ಧನನಿಗೆ ಒಪ್ಪಿಸಿದವನು ಅವನು. ಚಾಲುಕ್ಯರ ದಂಡು ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ ಅದರ ಮೇಲೆರಗಿ ಚದುರಿಸಿದವನೂ ಅವನೇ. ಗೆಲುವಿನಿಂದ ಸಂತುಷ್ಟನಾದ ಅರಸನು ವರವನ್ನು ಬೇಡೆಂದಾಗ ಗಂಗರಾಜನು ತನಗಾಗಿ ಏನನ್ನೂ ಕೇಳಲಿಲ್ಲ. ಪರಮವೆಂಬ ಗ್ರಾಮವನ್ನು ಪಡೆದು, ತಾಯಿ ಪೋಚವ್ವೆಯೂ ಮಡದಿ ಲಕ್ಷ್ಮಿಯೂ ಮಾಡಿಸಿದ ಜಿನಾಲಯಗಳ ಪೂಜೆಗೆ ಬಿಟ್ಟುಕೊಟ್ಟನು. ಈ ಸಂಗತಿಯನ್ನು ಶ್ರವಣಬೆಳಗೊಳದ ಚಂದ್ರಗಿರಿಯ ಶಾಸನ ಬಸದಿಯ ಬರಹವು ಉಳಿಸಿಕೊಟ್ಟಿದೆ. ವಿಂಧ್ಯಗಿರಿಯ ಗೊಮ್ಮಟೇಶ್ವರನ ಸುತ್ತಾಲಯವನ್ನು ಮಾಡಿಸಿದವನೂ, ಗಂಗವಾಡಿಯ ಪಾಳುಬಿದ್ದ ಬಸದಿಗಳನ್ನು ಎತ್ತಿ ನಿಲ್ಲಿಸಿದವನೂ ಈ ದಂಡನಾಯಕನೇ. ಹೊಸದನ್ನು ಕಟ್ಟಿಸಿದ ಕೀರ್ತಿಗಿಂತ ಹಳೆಯದನ್ನು ಉದ್ಧರಿಸಿದ ಪುಣ್ಯವನ್ನೇ ಶಾಸನಕವಿಗಳು ಮತ್ತೆ ಮತ್ತೆ ಹೊಗಳಿರುವುದು ಗಮನಾರ್ಹ.

ಬಸ್ತಿಹಳ್ಳಿಯ ಶಾಸನವು ಗಂಗರಾಜನ ಮನೋಧರ್ಮವನ್ನು ಏಳು ನರಕಗಳ ಕಲ್ಪನೆಯಿಂದ ಚಿತ್ರಿಸಿದೆ. ಆಗಮಗಳು ಹೇಳುವ ಏಳು ನರಕಭೂಮಿಗಳಿಗೆ ಪ್ರತಿಯಾಗಿ ಅವನು ತನ್ನವೇ ಆದ ಏಳನ್ನು ಎಣಿಸಿಕೊಂಡಿದ್ದನಂತೆ. ಸುಳ್ಳಾಡುವುದು, ಯುದ್ಧದಲ್ಲಿ ಬೆದರುವುದು, ಪರಸ್ತ್ರೀಯನ್ನು ಬಯಸುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿದವರನ್ನು ತಣಿಸದಿರುವುದು, ನಂಬಿದವರನ್ನು ಕೈಬಿಡುವುದು, ಸ್ವಾಮಿದ್ರೋಹವೆಸಗುವುದು ಎಂಬ ಏಳು ನಡತೆಗಳೇ ಅವನಿಗೆ ನರಕಗಳು. ಇವುಗಳಲ್ಲಿ ಹೆಚ್ಚಿನವು ಒಪ್ಪಿಸಿದುದನ್ನು ಕಾಪಾಡದೆ ಹೋಗುವ ತಪ್ಪಿನ ಬೇರೆ ಬೇರೆ ರೂಪಗಳೆಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಈ ಬಸದಿಗೆ ಒದಗಿದ ಪರೀಕ್ಷೆಯೂ ಅದೇ ಆಗಿತ್ತು.

ಬಂಕಾಪುರಕ್ಕೆ ಹೋದ ಗಂಧೋದಕ

ಪ್ರತಿಷ್ಠೆಯ ಕಾಲದಲ್ಲಿ ಅರಸನು ರಾಜಧಾನಿಯಲ್ಲಿರಲಿಲ್ಲ. ವಿಷ್ಣುವರ್ಧನನು ಆಗ ಬಡಗಲ ಬಂಕಾಪುರದಲ್ಲಿ ಬೀಡುಬಿಟ್ಟಿದ್ದನು. ಪ್ರತಿಷ್ಠಾವಿಧಿಗಳು ಮುಗಿದ ಮೇಲೆ ಇಂದ್ರರು, ಎಂದರೆ ಬಸದಿಯ ಪುರೋಹಿತರು, ಗಂಧೋದಕವನ್ನೂ ಶೇಷಾಕ್ಷತೆಯನ್ನೂ ತೆಗೆದುಕೊಂಡು ಅಷ್ಟು ದೂರ ಪ್ರಯಾಣಮಾಡಿದರು. ಅವರು ಬಂಕಾಪುರವನ್ನು ಸೇರುವ ಹೊತ್ತಿಗೆ ಅಲ್ಲಿ ಎರಡು ಸಂತೋಷಗಳು ಕೂಡಿಬಂದಿದ್ದವು. ದಂಡೆತ್ತಿ ಬಂದ ಮಸಣನೆಂಬ ವೈರಿಯನ್ನು ಅರಸನು ಸೋಲಿಸಿ ಕೊಂದಿದ್ದನು. ರಾಣಿ ಲಕ್ಷ್ಮೀಮಹಾದೇವಿಯು ಗಂಡುಮಗುವನ್ನು ಹಡೆದಿದ್ದಳು.

ಗಂಧೋದಕವನ್ನು ತಂದವರನ್ನು ಕಂಡು ಅರಸನು ಎದ್ದು ಎದುರುಗೊಂಡನೆಂದೂ, ಕೈಮುಗಿದು ಅದನ್ನು ತಲೆಯ ಮೇಲೆ ಧರಿಸಿದನೆಂದೂ, ಈ ದೇವರ ಪ್ರತಿಷ್ಠೆಯ ಪುಣ್ಯದಿಂದಲೇ ತನಗೆ ವಿಜಯವೂ ಪುತ್ರೋತ್ಸವವೂ ಲಭಿಸಿದುವೆಂದು ನುಡಿದನೆಂದೂ ಶಾಸನವು ವರ್ಣಿಸುತ್ತದೆ. ಆ ಸಂತೋಷದಲ್ಲಿ ಅವನು ದೇವರಿಗೆ ‘ವಿಜಯ ಪಾರ್ಶ್ವ’ನೆಂದೂ ಮಗುವಿಗೆ ‘ವಿಜಯ ನಾರಸಿಂಹದೇವ’ನೆಂದೂ ಹೆಸರಿಟ್ಟನು. ಆಸಂದಿನಾಡಿನ ಜಾವಗಲ್ಲನ್ನು ಬಸದಿಗೆ ದತ್ತಿಯಾಗಿ ಕೊಟ್ಟನು. ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂದು ಪ್ರಸಿದ್ಧನಾದ ಅರಸನು ಜಿನಗಂಧೋದಕವನ್ನು ಶಿರಸ್ಸಿನಲ್ಲಿ ಧರಿಸಿದ ಈ ಪ್ರಸಂಗವು, ಆ ಅರಸನು ಜೈನದ್ವೇಷಿಯಾಗಿದ್ದನೆಂಬ ದಂತಕಥೆಗಳಿಗೆ ಕಲ್ಲಿನಲ್ಲಿ ಕೊರೆದ ಉತ್ತರವಾಗಿದೆ.

ಹೆಸರಿಡುವುದಕ್ಕಿಂತಲೂ ಮುಖ್ಯವಾದುದು ದತ್ತಿ. ನೆಲದ ಹುಟ್ಟುವಳಿಯು ನಿತ್ಯಪೂಜೆಗೆ, ನಂದಾದೀಪದ ಎಣ್ಣೆಗೆ, ಋಷಿಗಳ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಸಲ್ಲಬೇಕೆಂಬುದು ಆ ಕಾಲದ ಬಸದಿದತ್ತಿಗಳ ಸಾಮಾನ್ಯ ಕ್ರಮ. ‘ಖಂಡಸ್ಫುಟಿತ’ ಎಂದರೆ ಒಡೆದುದು, ಬಿರಿದುದು. ಬಸದಿಯು ಇನ್ನೂ ಹೊಸದಾಗಿರುವಾಗಲೇ ಅದು ಮುಂದೆ ಬಿರಿಯುವ ದಿನವನ್ನು ಹಿರಿಯರು ಮನಸ್ಸಿಗೆ ತಂದುಕೊಂಡು, ಆ ದಿನದ ವೆಚ್ಚಕ್ಕೂ ದಾರಿ ಮಾಡುತ್ತಿದ್ದರು. ಪ್ರತಿಷ್ಠೆಯು ಒಂದು ದಿನದ ಉತ್ಸವದಿಂದ ಮುಗಿಯುವುದಲ್ಲವೆಂಬ ತಿಳಿವಳಿಕೆ ಆ ಒಂದು ಪದದಲ್ಲಿ ಅಡಗಿದೆ.

ವಿಜಯ ಪಾರ್ಶ್ವನ ಪ್ರತಿಷ್ಠೆಯ ನೆನಪನ್ನು ಹೊತ್ತ ಆ ಮಗುವು ಮುಂದೆ ಒಂದನೆಯ ನರಸಿಂಹನಾಗಿ ಪಟ್ಟವೇರಿದನು. ಅವನ ಭಂಡಾರಿಯಾದ ಹುಳ್ಳನು ಶ್ರವಣಬೆಳಗೊಳದಲ್ಲಿ ಇಪ್ಪತ್ತುನಾಲ್ಕು ತೀರ್ಥಂಕರರ ಭಂಡಾರಿ ಬಸದಿಯನ್ನು ಕ್ರಿ.ಶ. 1159ರಲ್ಲಿ ಕಟ್ಟಿಸಿದಾಗ, ನರಸಿಂಹನು ಅದಕ್ಕೆ ‘ಭವ್ಯಚೂಡಾಮಣಿ’ಯೆಂದು ಹೆಸರಿಟ್ಟು ಸವಣೇರು ಗ್ರಾಮವನ್ನು ದತ್ತಿಬಿಟ್ಟನು. ತಂದೆಯ ನಡೆಯನ್ನು ಮಗನೂ ಅನುಸರಿಸಿದನು.

ನಗರದ ಪತನ

ಎರಡನೆಯ ವೀರಬಲ್ಲಾಳನ ಕಾಲದಲ್ಲಿ ದೋರಸಮುದ್ರವು ವೈಭವದ ಶಿಖರವನ್ನು ಮುಟ್ಟಿತು. ಒಂದು ಶತಮಾನವೂ ಕಳೆಯುವ ಮುನ್ನ ಕಾಲಚಕ್ರವು ತಿರುಗಿತು. ಕ್ರಿ.ಶ. 1311ರಲ್ಲಿ ಅಲಾವುದ್ದೀನ್ ಖಲ್ಜಿಯ ದಂಡನಾಯಕನಾದ ಮಲಿಕ್ ಕಾಫೂರನು ದೋರಸಮುದ್ರದ ಮೇಲೆ ಬಂದನು. ಮೂರನೆಯ ಬಲ್ಲಾಳನು ಆಗ ತಮಿಳುನಾಡಿನ ರಾಜಕಾರಣದಲ್ಲಿ ತೊಡಗಿದ್ದನು. ಹಿಂತಿರುಗಿ ಬಂದ ಅರಸನು ಸಂಪತ್ತನ್ನೂ ಆನೆ ಕುದುರೆಗಳನ್ನೂ ಒಪ್ಪಿಸಿ ಸಂಧಿಮಾಡಿಕೊಳ್ಳಬೇಕಾಯಿತು. 1327ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕ್‌ನ ಸೇನೆಯು ಬಂದ ಬಳಿಕ ನಗರವು ಮತ್ತೆ ಚೇತರಿಸಿಕೊಳ್ಳಲಿಲ್ಲ. ಬಲ್ಲಾಳನು ತಿರುವಣ್ಣಾಮಲೆಯನ್ನು ತನ್ನ ನೆಲೆಯಾಗಿ ಮಾಡಿಕೊಂಡನು. ಮಧುರೆಯ ಸುಲ್ತಾನರೊಡನೆ ಹೋರಾಡುತ್ತ ಮಡಿದನು. ಬೀಡು ಹಳೆಯದಾಯಿತು.

ಅರಸನಿಲ್ಲದ ಊರಿನಲ್ಲಿ ಕಟ್ಟಡಗಳನ್ನು ಕೆಡಿಸಲು ಶತ್ರುವೇ ಬೇಕೆಂದಿಲ್ಲ. ಬಸ್ತಿಹಳ್ಳಿಗೆ ಸಮೀಪದಲ್ಲಿರುವ ಕೇದಾರೇಶ್ವರ ದೇವಾಲಯವೇ ಇದಕ್ಕೆ ಸಾಕ್ಷಿ. ವೀರಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕ್ರಿ.ಶ. 1219ರ ಸುಮಾರಿಗೆ ಮಾಡಿಸಿದ ಈ ಗುಡಿಯ ಶಿಖರದಲ್ಲಿ ಮರವೊಂದು ಬೇರುಬಿಟ್ಟಿತು. ಆ ಬೇರುಗಳು ವರ್ಷವರ್ಷವೂ ಕಲ್ಲುಗಳನ್ನು ಸಡಿಲಿಸುತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಶಿಖರವನ್ನೇ ಕೆಡವಿದುವು. ಮೊಳಕೆಯಾಗಿದ್ದಾಗ ಒಂದು ಕೈ ಅದನ್ನು ಕಿತ್ತೆಸೆದಿದ್ದರೆ ಸಾಕಾಗಿತ್ತು. ಆ ಕೈ ಆ ಹೊತ್ತಿಗೆ ಅಲ್ಲಿರಲಿಲ್ಲ.

1638ರ ಒಪ್ಪಂದ

ವಿಜಯ ಪಾರ್ಶ್ವನಾಥ ಬಸದಿಯ ಬಾಳಿನಲ್ಲಿ ಬಂದ ಅತಿ ದೊಡ್ಡ ಪರೀಕ್ಷೆಯು ಹೊಯ್ಸಳರು ಅಳಿದು ಮೂರು ಶತಮಾನಗಳಾದ ಮೇಲಿನದು. ಕಾಪಾಡಲು ಬೊಪ್ಪನೂ ಇರಲಿಲ್ಲ, ವಿಷ್ಣುವರ್ಧನನೂ ಇರಲಿಲ್ಲ. ಸೀಮೆಯು ಬೇಲೂರಿನ ನಾಯಕರ ಆಳ್ವಿಕೆಯಲ್ಲಿತ್ತು. ಹುಚ್ಚಪ್ಪದೇವನೆಂಬುವನು ಬಸದಿಯ ಕಂಬದಲ್ಲಿ ಲಿಂಗಮುದ್ರೆಯನ್ನು ಹಾಕಿದನು; ವಿಜಯಪ್ಪನೆಂಬ ಜೈನನು ಅದನ್ನು ಅಳಿಸಿದನು. ಒಂದು ಗುರುತನ್ನು ಹಾಕಿ ಅಳಿಸಿದ ಈ ಘಟನೆಯಿಂದ ಎರಡು ಸಮಾಜಗಳ ನಡುವೆ ಕಲಹವು ಹುಟ್ಟುವ ಸ್ಥಿತಿ ಬಂದಿತು. ಇಂಥ ಸಂದರ್ಭಗಳಲ್ಲಿ ಎಷ್ಟೋ ಪುಣ್ಯಸ್ಥಾನಗಳು ಹಾಳಾಗಿವೆ.

ಇಲ್ಲಿ ಹಾಗಾಗಲಿಲ್ಲ. ಕ್ರಿ.ಶ. 1638ರ ಶಾಸನವು ತಿಳಿಸುವಂತೆ, ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿ ಜೈನ ಪ್ರಮುಖರು ವೀರಶೈವ ಹಿರಿಯರಾದ ಮಹಾಮಹತ್ತಿನ ಬಳಿ ಬಿನ್ನವಿಸಿಕೊಂಡರು. ಹಿರಿಯರು ಕುಳಿತು ವಿಚಾರಿಸಿ ತೀರ್ಮಾನವನ್ನು ಕೊಟ್ಟರು. ಜೈನರು ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಬೇಕು. ಆಮೇಲೆ ವಿಜಯ ಪಾರ್ಶ್ವನಾಥನ ಪೂಜೆ, ಅಭಿಷೇಕ, ದೀಪಾರಾಧನೆ ಮೊದಲಾದುವನ್ನು ಪೂರ್ವಮರ್ಯಾದೆಯಂತೆ ಸೂರ್ಯಚಂದ್ರರಿರುವವರೆಗೂ ನಡೆಸಿಕೊಂಡು ಬರಬಹುದು. ಈ ಜಿನಧರ್ಮಕ್ಕೆ ಅಡ್ಡಿಮಾಡುವವನು ಮಹಾಮಹತ್ತಿನ ಪಾದಗಳಿಗೆ ದ್ರೋಹಿ, ವಿಭೂತಿ ರುದ್ರಾಕ್ಷಿಗಳಿಗೆ ದ್ರೋಹಿ ಎಂದು ವೀರಶೈವ ಹಿರಿಯರೇ ಶಾಸನದಲ್ಲಿ ಬರೆಯಿಸಿದರು.

ಈ ತೀರ್ಪು ಎರಡು ಕಡೆಗೂ ಸುಲಭವಾಗಿರಲಾರದು. ತಮ್ಮದೇ ಬಸದಿಯಲ್ಲಿ ಪೂಜೆಗೆ ಮುನ್ನ ಬೇರೆ ಸಮಯದ ಮರ್ಯಾದೆಯನ್ನು ಸಲ್ಲಿಸುವ ಕಟ್ಟಳೆಗೆ ಜೈನರು ತಲೆಬಾಗಿದರು. ತಮ್ಮವನೊಬ್ಬನು ಹಾಕಿದ ಮುದ್ರೆಯು ಅಳಿದುದನ್ನು ಮುಂದೊತ್ತದೆ, ಇನ್ನೊಂದು ಧರ್ಮದ ಪೂಜೆಗೆ ತಮ್ಮ ಪವಿತ್ರ ಚಿಹ್ನೆಗಳನ್ನೇ ಕಾವಲಿಟ್ಟರು ವೀರಶೈವ ಹಿರಿಯರು. ಕ್ರಿ.ಶ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ನಡುವಣ ವ್ಯಾಜ್ಯವನ್ನು ವಿಜಯನಗರದ ಬುಕ್ಕರಾಯನು ತೀರಿಸಿದುದು ಪ್ರಸಿದ್ಧವಾಗಿದೆ. ಅದು ಅರಸನೊಬ್ಬನ ಆಜ್ಞೆ. ಹಳೇಬೀಡಿನ ಒಪ್ಪಂದದಲ್ಲಿಯಾದರೋ ಒಂದು ಸೀಮೆಯ ಹಿರಿಯರೇ ಮುಂದೆ ನಿಂತು ನೆರೆಹೊರೆಯ ಬಾಳನ್ನು ಉಳಿಸಿಕೊಂಡರು. ಬೊಪ್ಪನ ದತ್ತಿಯಷ್ಟೇ ಬೆಲೆಯುಳ್ಳ ಇನ್ನೊಂದು ದತ್ತಿ ಇದು.

ಅವಶೇಷಗಳು ಹೇಳುವ ಮಾತು

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು 2023ರಲ್ಲಿ ಬೇಲೂರು, ಸೋಮನಾಥಪುರಗಳ ದೇವಾಲಯಗಳೊಡನೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾಡಿಗೆ ಇದು ಹೆಮ್ಮೆಯ ವಿಷಯ. ದೇಶವಿದೇಶಗಳ ಪ್ರವಾಸಿಗರು ಅಲ್ಲಿಗೆ ಬರುತ್ತಾರೆ. ಅವರಲ್ಲಿ ಅರ್ಧ ಕಿಲೋಮೀಟರು ಮುಂದೆ ನಡೆದು ಬಸ್ತಿಹಳ್ಳಿಯ ಹೊಸ್ತಿಲನ್ನು ದಾಟುವವರು ಕೆಲವರೇ. ದಾಟಿದವರು ಕಂಬದ ಮುಂದೆ ನಿಂತು ತಮ್ಮ ಬಿಂಬವನ್ನು ನೋಡಿ ಬೆರಗಾಗುತ್ತಾರೆ. ಆ ಕಂಬದಲ್ಲಿ ಒಂಬತ್ತು ಶತಮಾನಗಳ ಮುಖಗಳು ಮೂಡಿ ಮಾಸಿವೆ. ದಂಡನಾಯಕರು, ರಾಣಿಯರು, ಮುನಿಗಳು, ಶ್ರಾವಕ ಶ್ರಾವಿಕೆಯರು, ಸಂಧಿಗೆ ಬಂದ ಹಿರಿಯರು ಎಲ್ಲರೂ ಅಲ್ಲಿ ಹಾದುಹೋದವರೇ. ಕಂಬವು ಯಾರನ್ನೂ ಹಿಡಿದಿಟ್ಟುಕೊಂಡಿಲ್ಲ. ಒಳಗೆ ಸ್ವಾಮಿಯು ನಿಂತಂತೆಯೇ ನಿಂತಿದ್ದಾನೆ.

ದೋರಸಮುದ್ರದ ಅರಮನೆಯನ್ನು ಕಾಯಲು ಕೋಟೆಯಿತ್ತು, ದಂಡಿತ್ತು, ಆನೆಗಳಿದ್ದವು. ಕಾಯುವ ಅರಸನು ಹೋದೊಡನೆ ಅದು ಮಣ್ಣಾಯಿತು. ಬಸದಿಯನ್ನು ಕಾಯಲು ಇದ್ದುದು ಜಾವಗಲ್ಲಿನ ಹುಟ್ಟುವಳಿ, ಪೂಜೆ ನಡೆಸುವ ಕೆಲವು ಕೈಗಳು, ಆಪತ್ತಿನ ದಿನ ಮಾತಿಗೆ ಬಂದು ಕುಳಿತ ನೆರೆಯವರ ಸದ್ಭಾವ. ದತ್ತಿಯನ್ನು ಕೊಟ್ಟ ರಾಜ್ಯವು ಅಳಿದ ಮೇಲೂ ಉಳಿದೆರಡು ನಡೆದುಬಂದುವು. ಅರಸನಿಗೆ ಸೇರಿದುದು ಅರಸನೊಡನೆ ಹೋಯಿತು. ಸಮಾಜಕ್ಕೆ ಒಪ್ಪಿಸಿದುದು ಸಮಾಜವು ಎಚ್ಚರವಾಗಿದ್ದಷ್ಟು ಕಾಲವೂ ಉಳಿಯಿತು.

ಪಂಚಕಲ್ಯಾಣಗಳು ಸಾಂಗವಾಗಿ ನೆರವೇರಿ, ಬಿಂಬಕ್ಕೆ ಪೂಜ್ಯತೆ ಬಂದು, ಮಂಟಪದ ಮಾವಿನ ತೋರಣವು ಬಾಡಿದ ಮರುದಿನದಿಂದ ಪ್ರತಿಯೊಂದು ಬಸದಿಗೂ ಅದರ ನಿಜವಾದ ಇತಿಹಾಸವು ಮೊದಲಾಗುತ್ತದೆ. ಮಳೆಗಾಲದ ಮುಂಜಾನೆ ಅಭಿಷೇಕಕ್ಕೆ ನೀರು ತರುವವರು ಯಾರು? ಗೋಡೆಯ ಸಂದಿನಲ್ಲಿ ಚಿಗುರಿದ ಸಸಿಯನ್ನು ಕಂಡು ಕೀಳುವವರು ಯಾರು? ಮನಸ್ತಾಪದ ದಿನ ನೆರೆಮನೆಯ ಹಿರಿಯರ ಬಳಿ ಹೋಗಿ ಕುಳಿತುಕೊಳ್ಳುವವರು ಯಾರು? ಬೊಪ್ಪ ದಂಡನಾಯಕನು ತಂದೆಯ ಹೆಸರಿನಲ್ಲಿ ಪ್ರತಿಷ್ಠೆಯನ್ನು ಒಂದು ಸಲ ಮಾಡಿಸಿದನು. ಅವನ ಹೆಸರನ್ನೂ ಅರಿಯದ ಎಷ್ಟೋ ಮಂದಿ ಅದನ್ನು ದಿನದಿನವೂ ಮುಂದುವರಿಸಿದರು. ಹಳೆಯ ಬೀಡಿನ ಮಣ್ಣಿನ ದಿಬ್ಬಗಳ ನಡುವೆ ವಿಜಯ ಪಾರ್ಶ್ವನಾಥನು ಇಂದಿಗೂ ನಿಂತಿರುವುದು ಅವರೆಲ್ಲರ ಪುಣ್ಯದಿಂದ.